ಬೂತಿಗೆ ಹೋಗೋದಾ, ಅಂಚೆ ಮತವಾ? ಮೊದಲು ತೀರ್ಮಾನ, ಆಮೇಲೆ ಸಹಿ

ಪ್ರತಿ ಚುನಾವಣೆಯಲ್ಲೂ ಕೇಳಿಬರುವ ದೂರು ಇವೇ. "ಅಜ್ಜಿಗೆ ಮನೆಯಿಂದಲೇ ವೋಟು ಅಂದಿದ್ದರು, ಯಾರೂ ಬರಲೇ ಇಲ್ಲ." "ಫಾರಂ ಕೊಟ್ಟಿದ್ದೆವು, ಆಮೇಲೆ ಹೇಗೂ ಕಾರಿದೆ ಅಂತ ಬೂತಿಗೇ ಕರೆದುಕೊಂಡು ಹೋದೆವು, ವೋಟು ಹಾಕಲು ಬಿಡಲಿಲ್ಲ." "ಇಡೀ ದಿನ ಎಲೆಕ್ಷನ್ ಡ್ಯೂಟಿ ಮಾಡಿದ್ದು ನಾನು, ನನ್ನ ವೋಟೇ ಹೋಯ್ತು."

ಮೂರಕ್ಕೂ ಕಾರಣ ಹೆಚ್ಚುಕಮ್ಮಿ ಒಂದೇ. ಅಂಚೆ ಮತ ಅಂದರೆ ಡಿಕ್ಕಿಯಲ್ಲಿರುವ ಸ್ಟೆಪ್ನಿ ಥರ, ಬೇಕಾದರೆ ಬಳಸೋಣ, ಇಲ್ಲದಿದ್ದರೆ ಬೂತು ಇದ್ದೇ ಇದೆ ಅಂತ ಜನ ಅಂದುಕೊಂಡಿರುತ್ತಾರೆ. ಅದು ಹಾಗಲ್ಲ. ನಿಮ್ಮ ಅರ್ಜಿ ಒಪ್ಪಿಗೆಯಾದ ಮೇಲೆ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಎದುರು "ಪಿಬಿ" (ಪೋಸ್ಟಲ್ ಬ್ಯಾಲೆಟ್, ಅಂದರೆ ಅಂಚೆ ಮತಪತ್ರ) ಅಂತ ಗುರುತು ಬೀಳುತ್ತದೆ. ಆಮೇಲೆ ಬೂತಿನಲ್ಲಿ ನಿಮಗೆ ವೋಟಿಲ್ಲ. ಹಾಗಾಗಿ ಫಾರಂ ತುಂಬುವುದಕ್ಕಿಂತ ಮೊದಲು ಮಾಡುವ ಕೆಲಸವೇ ಜಾಸ್ತಿ.

ಇಲ್ಲಿ ಹೇಳಿರುವುದು ಲೋಕಸಭೆ, ವಿಧಾನಸಭೆ ಚುನಾವಣೆಗೆ. ಪಂಚಾಯಿತಿ, ನಗರಸಭೆ ಚುನಾವಣೆಗಳನ್ನು ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ, ಅಲ್ಲಿನ ನಿಯಮ ಬೇರೆ. ಎರಡನ್ನೂ ಬೆರೆಸಬೇಡಿ.

ಹಂತ 1: ನಿಮಗೆ ಆಯ್ಕೆ ಇದೆಯಾ ನೋಡಿಕೊಳ್ಳಿ

ಬೇಕೆಂದವರಿಗೆಲ್ಲ ಅಂಚೆ ಮತ ಸಿಗುವುದಿಲ್ಲ. ಮುಖ್ಯವಾಗಿ ಸಿಗುವುದು ಇವರಿಗೆ:

85 ವರ್ಷ ದಾಟಿದವರು. 2023ರ ನಮ್ಮ ವಿಧಾನಸಭೆ ಚುನಾವಣೆಯಲ್ಲಿ ಇದು 80 ಇತ್ತು, 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ 85 ಆಯಿತು. "ಹೋದ ಸಲ ಮನೆಗೇ ಬಂದಿದ್ದರಲ್ಲ" ಅಂತ 82ರ ಅಜ್ಜ ಕಾಯುತ್ತಾ ಕೂರುವುದು ಇದಕ್ಕೇ.

ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದೆ ಅಂತ ಸರ್ಕಾರಿ ಪ್ರಮಾಣಪತ್ರ ಇರುವವರು. ಈ ಎರಡು ಗುಂಪಿನವರ ಮನೆಗೇ ಚುನಾವಣಾ ಸಿಬ್ಬಂದಿಯ ತಂಡ ಬಂದು ವೋಟು ಹಾಕಿಸುತ್ತದೆ.

ಚುನಾವಣಾ ಕರ್ತವ್ಯದಲ್ಲಿರುವ ಶಿಕ್ಷಕರು, ನೌಕರರು, ಪೊಲೀಸರು. ಇವರ ದಾರಿಯೇ ಬೇರೆ, ಹಂತ 6ಕ್ಕೆ ಹೋಗಿ.

ಭಾರತ ಚುನಾವಣಾ ಆಯೋಗ ಗುರುತಿಸಿದ ಅಗತ್ಯ ಸೇವೆಗಳಲ್ಲಿ ಮತದಾನದ ದಿನವೂ ಕೆಲಸ ಇರುವವರು. ಇವರ ಮನೆಗೆ ಯಾರೂ ಬರುವುದಿಲ್ಲ, ಗೊತ್ತುಮಾಡಿದ ಅಂಚೆ ಮತದಾನ ಕೇಂದ್ರಕ್ಕೆ ಇವರೇ ಹೋಗಬೇಕು. ಇಲಾಖೆಯ ನೋಡಲ್ ಅಧಿಕಾರಿ ಯಾರು ಅಂತ ಮೊದಲೇ ತಿಳಿದುಕೊಳ್ಳಿ, ಅರ್ಜಿ ಅವರ ಮೂಲಕವೇ ಹೋಗುತ್ತದೆ.

ಸೈನಿಕರು ಮತ್ತಿತರ ಸೇವಾ ಮತದಾರರು. ಇವರಿಗೆ ಮತಪತ್ರ ಆನ್‌ಲೈನ್‌ನಲ್ಲಿ ಬರುತ್ತದೆ, ಪ್ರಿಂಟ್ ತೆಗೆದು ಗುರುತು ಹಾಕಿ ಅಂಚೆಯಲ್ಲಿ ವಾಪಸ್ ಕಳಿಸಬೇಕು. ಎಣಿಕೆ ಶುರುವಾಗುವ ಹೊತ್ತಿಗೆ ಅದು ಚುನಾವಣಾಧಿಕಾರಿಯ ಕೈಯಲ್ಲಿರಬೇಕು, ಒಂದು ಗಂಟೆ ತಡವಾದರೂ ಲೆಕ್ಕಕ್ಕಿಲ್ಲ. ಹೆಸರಿಗೆ ತಕ್ಕಂತೆ ನಿಜವಾಗಿಯೂ ಅಂಚೆಯಲ್ಲಿ ಓಡಾಡುವ ಮತ ಈಗ ಹೆಚ್ಚಾಗಿ ಇದೇ.

ಇನ್ನು ಸಿಗದವರು. ಬೆಂಗಳೂರಿನಲ್ಲಿ ಕೆಲಸ, ವೋಟು ಮಾತ್ರ ಊರಲ್ಲಿ? ಅಂಚೆ ಮತ ಇಲ್ಲ. ಬಸ್ ಹತ್ತಿ, ಇಲ್ಲವೇ ನಮೂನೆ 8 ತುಂಬಿ ಹೆಸರನ್ನು ಈಗಿರುವ ವಿಳಾಸಕ್ಕೆ ವರ್ಗಾಯಿಸಿಕೊಳ್ಳಿ. ದುಬೈ, ಅಮೆರಿಕದಲ್ಲಿರುವವರಿಗೂ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ನಮೂನೆ 6ಎ ತುಂಬಿ ಪಟ್ಟಿಗೆ ಸೇರಬಹುದು, ಆದರೆ ವೋಟು ಹಾಕಲು ಊರಿಗೇ ಬರಬೇಕು, ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ಬೇರೆ ದೇಶದ ಪೌರತ್ವ ತೆಗೆದುಕೊಂಡವರಿಗೆ ವೋಟೇ ಇಲ್ಲ, ಒಸಿಐ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವ) ಕಾರ್ಡ್ ಇದ್ದರೂ ಅಷ್ಟೇ.

ಎಲ್ಲಕ್ಕಿಂತ ಕಷ್ಟದ್ದು ಮಧ್ಯದವರ ಪಾಡು. 70 ವರ್ಷದ ಅಪ್ಪನಿಗೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದಾರೆ, ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಲ್ಲ. ನಿಯಮದ ಕಣ್ಣಿಗೆ ಅವರು ಸಾಮಾನ್ಯ ಮತದಾರರೇ. ಆಪರೇಷನ್ ಆದವರು, ಬಾಣಂತಿಯರು ಕೂಡ. ಡಾಕ್ಟರ ಚೀಟಿ ಹಿಡಿದು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ ವಾದ ಮಾಡಿದರೆ ಪ್ರಯೋಜನ ಇಲ್ಲ, ಅವರ ಕೈಯಲ್ಲಿ ಏನೂ ಇಲ್ಲ. ಚುನಾವಣೆ ದೂರ ಇರುವಾಗಲೇ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅದು ಆಗದಿದ್ದರೆ ಗಾಲಿಕುರ್ಚಿಯಲ್ಲಿ ಬೂತಿಗೆ ಹೋಗುವುದೊಂದೇ ದಾರಿ.

ಹಂತ 2: ಪಟ್ಟಿಯಲ್ಲಿ ಏನು ಬರೆದಿದೆ ಅಂತ ಓದಿ

ಹೆಚ್ಚಿನವರು ಬಿಡುವ ಹಂತ ಇದು. ಅಜ್ಜಿಗೆ 88 ಅಂತ ಮನೆಯವರಿಗೆಲ್ಲ ಗೊತ್ತು. ಪಟ್ಟಿಯಲ್ಲಿ 81 ಅಂತಿದ್ದರೆ? ಬಿಎಲ್‌ಒ ಕೈಯಲ್ಲಿರುವುದು ಪಟ್ಟಿಯಿಂದ ತೆಗೆದ 85 ದಾಟಿದವರ ಹೆಸರುಗಳು, ಅದರಲ್ಲಿ ಅಜ್ಜಿ ಇರುವುದೇ ಇಲ್ಲ. ಹಿಂದೆಲ್ಲ ವಯಸ್ಸನ್ನು ಅಂದಾಜಿನ ಮೇಲೆ ಬರೆಸಿದವರೇ ಜಾಸ್ತಿ, ಅದಕ್ಕೆ ಈ ತೊಂದರೆ ಹಳ್ಳಿಗಳಲ್ಲಿ ತುಂಬ ಇದೆ.

ಆಯೋಗದ ಆ್ಯಪ್‌ನಲ್ಲಿ ಅಥವಾ ಮತದಾರರ ಪೋರ್ಟಲ್‌ನಲ್ಲಿ ವೋಟರ್ ಐಡಿ ನಂಬರ್ ಹಾಕಿ ನೋಡಿ. ಮೊಬೈಲ್ ಅಭ್ಯಾಸ ಇಲ್ಲದವರು 1950ಕ್ಕೆ ಫೋನ್ ಮಾಡಬಹುದು. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ವಿಧಾನಸಭಾ ಕ್ಷೇತ್ರದ ಸಂಖ್ಯೆ ಮತ್ತು ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಪಟ್ಟಿಯಲ್ಲಿರುವ ವಯಸ್ಸು. ಮುಂದಿನ ಎಲ್ಲ ಫಾರಂಗೂ ಇವೇ ಬೇಕು. ವೋಟರ್ ಐಡಿ ನಂಬರ್ ಒಂದನ್ನೇ ಬರೆದು ಭಾಗ ಸಂಖ್ಯೆ, ಕ್ರಮ ಸಂಖ್ಯೆ ಖಾಲಿ ಬಿಟ್ಟ ಅರ್ಜಿಗಳು ಅಲ್ಲಲ್ಲೇ ಕೂತುಬಿಡುತ್ತವೆ.

ವಯಸ್ಸು ತಪ್ಪಿದ್ದರೆ ದಾಖಲೆ ಲಗತ್ತಿಸಿ ನಮೂನೆ 8 ಕೊಡಿ. ಅಂಗವೈಕಲ್ಯ ಇದ್ದು ಪಟ್ಟಿಯಲ್ಲಿ ನಮೂದಾಗಿಲ್ಲ ಅಂದರೂ ಅದೇ ನಮೂನೆ 8. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಚುನಾವಣೆ ದಿನಾಂಕ ಪ್ರಕಟವಾದ ಮೇಲೆ ಓಡಾಡಿದರೆ ಬಹುತೇಕ ತಡ.

ಹಂತ 3: ಬೂತಾ, ಮನೆಯಾ, ಈಗ ತೀರ್ಮಾನಿಸಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೈ ಹಿಡಿದುಕೊಂಡಾದರೂ ನಡೆಯಬಲ್ಲವರು, ಕಾರಿನಲ್ಲಿ ಅರ್ಧ ಗಂಟೆ ಕೂರಬಲ್ಲವರು ಬೂತಿಗೇ ಹೋಗಲಿ. ಮಷಿನ್‌ನಲ್ಲಿ ಗುಂಡಿ ಒತ್ತಿದ ವೋಟು ಸಹಿ ಇಲ್ಲ, ನಂಬರ್ ತಾಳೆಯಿಲ್ಲ ಅಂತ ತಿರಸ್ಕಾರ ಆಗುವುದಿಲ್ಲ. ಕಾಗದದ ವೋಟು ಆಗುತ್ತದೆ, ಅದೂ ಚಿಕ್ಕಪುಟ್ಟ ಕಾರಣಕ್ಕೆ. ಹಾಸಿಗೆಯಿಂದ ಏಳಿಸಲು ಇಬ್ಬರು ಬೇಕು, ಮೂತ್ರದ ಚೀಲ ಹಾಕಿದ್ದಾರೆ, ಮಹಡಿಯಿಂದ ಇಳಿಸೋದೇ ಕಷ್ಟ ಅನ್ನುವವರಿಗೆ ಮನೆ ಮತದಾನವೇ ಸರಿ, ಅಲ್ಲಿ ಯೋಚನೆಯೇ ಬೇಡ.

ಈ ಎರಡರ ನಡುವೆ ಇರುವವರು ಕೆಲವು ವಿಷಯ ನೋಡಿಕೊಳ್ಳಿ. ಮತದಾನದ ದಿನ ಜೊತೆಗೆ ಬರುವವರು ಯಾರು, ಅವರಿಗೂ ಅವತ್ತು ಡ್ಯೂಟಿ ಇದೆಯಾ? ಬೂತು ಇರುವ ಶಾಲೆಯ ಮೆಟ್ಟಿಲು ಎಷ್ಟು? ರ್‍ಯಾಂಪ್ ಇರಬೇಕು ಅಂತ ನಿಯಮ ಇದೆ, ಆದರೂ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ. ನಮ್ಮಲ್ಲಿ ಚುನಾವಣೆ ಬರುವುದೇ ಏಪ್ರಿಲ್, ಮೇ ಬಿಸಿಲಲ್ಲಿ, ಬೆಳಿಗ್ಗೆ 7ಕ್ಕೇ ಹೋಗಲು ಆಗುತ್ತದಾ?

ಆಮೇಲೆ ಅಜ್ಜಿ ಆ ದಿನಗಳಲ್ಲಿ ಎಲ್ಲಿರುತ್ತಾರೆ ಅನ್ನುವುದು. ಹೆಸರು ಶಿರಸಿ ಪಟ್ಟಿಯಲ್ಲಿದ್ದು ಅಜ್ಜಿ ಬೆಂಗಳೂರಿನ ಮಗಳ ಮನೆಯಲ್ಲಿದ್ದರೆ ತಂಡ ಬೆಂಗಳೂರಿಗೆ ಬರುವುದಿಲ್ಲ. ಮೊದಲು ಊರಿಗೆ ಕರೆದುಕೊಂಡು ಹೋಗಬೇಕು, ಕರೆದುಕೊಂಡು ಹೋಗಿ ವಾರಗಟ್ಟಲೆ ಇರಿಸಿಕೊಳ್ಳಬೇಕು, ಯಾಕೆಂದರೆ ತಂಡ ಬರುವ ದಿನವನ್ನು ನೀವು ಆರಿಸುವ ಹಾಗಿಲ್ಲ.

ಗಂಡನಿಗೆ 87, ಹೆಂಡತಿಗೆ 79 ಇದ್ದರೆ ತಂಡ ವೋಟು ಹಾಕಿಸುವುದು ಗಂಡನಿಗೆ ಮಾತ್ರ. ಅಜ್ಜಿ ಹೇಗೂ ಬೂತಿಗೆ ಹೋಗಲೇಬೇಕು ಅಂದಮೇಲೆ ಅಜ್ಜನೂ ಜೊತೆಗೆ ಹೋಗಬಹುದಾ ಅಂತ ಯೋಚಿಸಿ.

ಹಂತ 4: ನಮೂನೆ 12ಡಿ, ಐದೇ ದಿನ

ಮನೆಯಿಂದಲೇ ಅಂತ ತೀರ್ಮಾನಿಸಿದರೆ ತುಂಬಬೇಕಾದ್ದು ನಮೂನೆ 12ಡಿ. ಚುನಾವಣೆಯ ಅಧಿಸೂಚನೆ ಹೊರಬಿದ್ದ ಮೇಲೆ ಐದು ದಿನದೊಳಗೆ ಅದು ಮುಟ್ಟಬೇಕು.

ಜನ ಎಡವುವುದು ಇಲ್ಲೇ. ದಿನಾಂಕ ಪ್ರಕಟವಾಗುವುದು ಬೇರೆ, ಅಧಿಸೂಚನೆ ಬೇರೆ. 2023ರಲ್ಲಿ ಆಯೋಗ ದಿನಾಂಕ ಹೇಳಿದ್ದು ಮಾರ್ಚ್ 29ಕ್ಕೆ, ಅಧಿಸೂಚನೆ ಬಂದಿದ್ದು ಏಪ್ರಿಲ್ 13ಕ್ಕೆ, ಮತದಾನ ಮೇ 10ಕ್ಕೆ. ಮತದಾನಕ್ಕೆ ಇನ್ನೂ ಮೂರು ವಾರ ಇದೆಯಲ್ಲ ಅಂತ ಸುಮ್ನೆ ಕೂತವರಿಗೆ ಗಡುವು ಮುಗಿದಿದ್ದೇ ಗೊತ್ತಾಗಲಿಲ್ಲ. ಲೋಕಸಭೆಯಲ್ಲಿ ಇನ್ನೊಂದು ತೊಡಕಿದೆ. 2024ರಲ್ಲಿ ರಾಜ್ಯದಲ್ಲಿ ಎರಡು ಹಂತ, ಏಪ್ರಿಲ್ 26 ಮತ್ತು ಮೇ 7. ಒಂದೊಂದಕ್ಕೂ ಬೇರೆ ಅಧಿಸೂಚನೆ. ಮೈಸೂರಿನ ನೆಂಟರು ಹೇಳಿದ ದಿನಾಂಕವನ್ನು ಬೆಳಗಾವಿಯವರು ನಂಬಿದರೆ ಕೆಲಸ ಕೆಟ್ಟಂತೆ.

ಬಿಎಲ್‌ಒ ಮನೆಗೆ ಬಂದು ಫಾರಂ ಕೊಡಬೇಕು, ತುಂಬಿದ್ದನ್ನು ವಾಪಸ್ ಪಡೆಯಬೇಕು. ಆದರೆ ಅವರಿಗಾಗಿ ಕಾಯಬೇಡಿ. ನಿಮ್ಮ ಬಿಎಲ್‌ಒ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ, ಸಾವಿರ ಕೆಲಸದ ನಡುವೆ ಇದನ್ನೂ ಮಾಡುತ್ತಿರುತ್ತಾರೆ. ನಂಬರ್ ಹುಡುಕಿ ನೀವೇ ಫೋನ್ ಮಾಡಿ.

ಫಾರಂನಲ್ಲಿ ಮೊಬೈಲ್ ನಂಬರ್ ಬರೆಯುವಾಗ ಅಜ್ಜಿಯ ಜೊತೆ ಮನೆಯಲ್ಲೇ ಇರುವವರ ನಂಬರ್ ಕೊಡಿ. ಅಮೆರಿಕದ ಮಗನದ್ದಲ್ಲ, ಆಫ್ ಆಗಿರುವ ಹಳೇ ಸೆಟ್ಟಿನದ್ದೂ ಅಲ್ಲ. ತಂಡ ಬರುವ ದಿನದ ಸುದ್ದಿ ಬರುವುದು ಅದಕ್ಕೇ. ಅಂಗವೈಕಲ್ಯದ ಆಧಾರದಲ್ಲಿ ಕೇಳುತ್ತಿದ್ದರೆ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ.

"ಯಾವುದಕ್ಕೂ ಇರಲಿ" ಅಂತ ಸಹಿ ಹಾಕಬೇಡಿ. ಬಿಎಲ್‌ಒ ಫಾರಂ ತಂದಾಗ ಬೇಡ ಅನ್ನುವ ಹಕ್ಕೂ ನಿಮಗಿದೆ. ಬೂತಿಗೇ ಹೋಗುತ್ತೇವೆ ಅಂತ ಹೇಳಿ ಕಳಿಸಿ.

ಹಂತ 5: ತಂಡ ಮನೆಗೆ ಬರುವ ದಿನ

ಮತದಾನಕ್ಕೆ ಮುಂಚೆಯೇ ತಂಡ ಬರುತ್ತದೆ. ಮತಗಟ್ಟೆ ಅಧಿಕಾರಿಗಳು, ಪೊಲೀಸ್, ವಿಡಿಯೊ ತೆಗೆಯುವವರು, ಕೆಲವು ಕಡೆ ಅಭ್ಯರ್ಥಿಗಳ ಏಜೆಂಟರೂ ಇರುತ್ತಾರೆ. ಪಕ್ಷದವರು ಯಾಕೆ ಬಂದರು ಅಂತ ಗಾಬರಿ ಬೇಡ, ನೋಡಿಕೊಳ್ಳಲು ಅವರಿಗೆ ಅವಕಾಶ ಇದೆ. ವೋಟು ಹಾಕುವ ಜಾಗಕ್ಕೆ ಮಾತ್ರ ಅವರೂ ಬರುವಂತಿಲ್ಲ, ಕ್ಯಾಮೆರಾವೂ ಇಣುಕುವಂತಿಲ್ಲ.

ವೋಟರ್ ಐಡಿ ಅಥವಾ ಆಧಾರ್ ಎತ್ತಿಡಿ, ಓದುವ ಕನ್ನಡಕ ಎತ್ತಿಡಿ. ಕನ್ನಡಕ ಹುಡುಕುತ್ತಾ ಇಡೀ ತಂಡ ಕಾಯುವುದು ಮಾಮೂಲಿ. ಕಣ್ಣು ಕಾಣದವರು, ಕೈ ಆಡದವರು 18 ವರ್ಷ ದಾಟಿದ ಒಬ್ಬರ ಸಹಾಯ ಪಡೆಯಬಹುದು. ಉಳಿದ ಮನೆಮಂದಿ ಹೊರಗಿರಬೇಕು. "ಅಮ್ಮಾ, ಆ ಗುರುತಿಗೇ ಹಾಕು" ಅಂತ ಬಾಗಿಲಿನಿಂದ ಕೂಗುವ ಮಗನಿಗೆ ಮೊದಲೇ ಹೇಳಿಡಿ.

ಮೊದಲ ಸಲ ಬಂದಾಗ ಮತದಾರರು ಸಿಗದಿದ್ದರೆ ತಂಡ ಇನ್ನೊಮ್ಮೆ ಬರುತ್ತದೆ. ಆಗಲೂ ಸಿಗದಿದ್ದರೆ ಮುಗಿಯಿತು, ಮೂರನೇ ಸಲ ಇಲ್ಲ, ಬೂತೂ ಇಲ್ಲ. ಡಯಾಲಿಸಿಸ್, ಆಸ್ಪತ್ರೆ ಅಪಾಯಿಂಟ್‌ಮೆಂಟ್ ಇರುವ ದಿನಗಳನ್ನು ಬಿಎಲ್‌ಒಗೆ ಮೊದಲೇ ತಿಳಿಸಿ, ಸಾಧ್ಯವಾದರೆ ಹೊಂದಿಸುತ್ತಾರೆ.

ಹಂತ 6: ಎಲೆಕ್ಷನ್ ಡ್ಯೂಟಿಯವರು, ಸರಿಯಾದ ಫಾರಂ ಹಿಡಿಯಿರಿ

ನಿಮ್ಮ ಮುಂದೆ ಎರಡು ಫಾರಂ ಇರುತ್ತವೆ. ನಮೂನೆ 12 ಅಂಚೆ ಮತಪತ್ರಕ್ಕೆ. ನಮೂನೆ 12ಎ ಚುನಾವಣಾ ಕರ್ತವ್ಯ ಪ್ರಮಾಣಪತ್ರಕ್ಕೆ, ಅಂದರೆ ಎಲ್ಲರೂ ಹೇಳುವ ಇಡಿಸಿಗೆ. ಇಡಿಸಿ ಸಿಕ್ಕರೆ ನೀವು ಡ್ಯೂಟಿ ಮಾಡುವ ಬೂತಿನಲ್ಲೇ ಮಷಿನ್‌ನಲ್ಲಿ ವೋಟು ಹಾಕುತ್ತೀರಿ. ಸಿಗುವ ಹಾಗಿದ್ದರೆ ಅದೇ ಒಳ್ಳೆಯದು, ಕವರಿನ ತಲೆನೋವೇ ಇಲ್ಲ.

ಯಾವುದು ಸಿಗುತ್ತದೆ ಅನ್ನುವುದು ನಿಂತಿರುವುದು ಜಿಲ್ಲೆಯ ಮೇಲಲ್ಲ, ಕ್ಷೇತ್ರದ ಮೇಲೆ. ನಿಮ್ಮ ವೋಟಿರುವ ಕ್ಷೇತ್ರದೊಳಗೇ ಡ್ಯೂಟಿ ಇದ್ದರೆ 12ಎ, ಹೊರಗಿದ್ದರೆ 12. ಒಂದು ಉದಾಹರಣೆ ನೋಡಿ. ಶಿಗ್ಗಾಂವಿ ಇರುವುದು ಹಾವೇರಿ ಜಿಲ್ಲೆಯಲ್ಲಿ, ಆದರೆ ಸೇರುವುದು ಧಾರವಾಡ ಲೋಕಸಭಾ ಕ್ಷೇತ್ರಕ್ಕೆ. ಶಿಗ್ಗಾಂವಿ ಮತದಾರರಾದ ಶಿಕ್ಷಕರಿಗೆ ಲೋಕಸಭೆ ಚುನಾವಣೆಯಲ್ಲಿ ಬ್ಯಾಡಗಿಯಲ್ಲಿ ಡ್ಯೂಟಿ ಬಿದ್ದರೆ, ಜಿಲ್ಲೆ ಒಂದೇ ಆದರೂ ಬ್ಯಾಡಗಿ ಹಾವೇರಿ ಲೋಕಸಭಾ ಕ್ಷೇತ್ರದ್ದು, ಹಾಗಾಗಿ ನಮೂನೆ 12. ಕುಂದಗೋಳದ ಮತದಾರರಿಗೆ ನವಲಗುಂದದಲ್ಲಿ ಡ್ಯೂಟಿ ಬಿದ್ದರೆ ಎರಡೂ ಧಾರವಾಡ ಕ್ಷೇತ್ರದವೇ, 12ಎ ಸಾಕು. ಅದೇ ವಿಧಾನಸಭೆ ಚುನಾವಣೆಯಾಗಿದ್ದರೆ ಇಬ್ಬರಿಗೂ ನಮೂನೆ 12, ಯಾಕೆಂದರೆ ಆಗ ಕ್ಷೇತ್ರ ಅಂದರೆ ವಿಧಾನಸಭಾ ಕ್ಷೇತ್ರ.

ನಮೂನೆ 12 ಮತದಾನಕ್ಕೆ ಏಳು ದಿನ ಮೊದಲು, 12ಎ ನಾಲ್ಕು ದಿನ ಮೊದಲು ಮುಟ್ಟಬೇಕು ಅಂತ ನಿಯಮ. ಕೊನೆ ದಿನಕ್ಕೆ ಕಾಯುವುದು ಬೇಡ. ಮೊದಲ ತರಬೇತಿಯ ದಿನವೇ, ಡ್ಯೂಟಿ ಆದೇಶದ ಪ್ರತಿಯೊಂದಿಗೆ ಕೊಟ್ಟುಬಿಡಿ.

ಇನ್ನೊಂದು ಬದಲಾವಣೆ ಹಳಬರಿಗೇ ಗೊತ್ತಿರುವುದಿಲ್ಲ. ಮೊದಲೆಲ್ಲ ಮತಪತ್ರ ಮನೆಗೆ ತಂದು, ಆರಾಮಾಗಿ ಗುರುತು ಹಾಕಿ, ಎಣಿಕೆಯ ಹೊತ್ತಿಗೆ ಕಳಿಸಿದರೂ ನಡೆಯುತ್ತಿತ್ತು. 2023ರ ಆಗಸ್ಟ್‌ನಲ್ಲಿ ನಿಯಮ ಬದಲಾಗಿದೆ. ಈಗ ಡ್ಯೂಟಿಯವರು ಮತಪತ್ರ ಪಡೆಯುವುದು, ಗುರುತು ಹಾಕುವುದು, ಪೆಟ್ಟಿಗೆಗೆ ಹಾಕುವುದು ಎಲ್ಲ ಫೆಸಿಲಿಟೇಷನ್ ಸೆಂಟರಿನಲ್ಲೇ, ಅಂದರೆ ಡ್ಯೂಟಿಯವರ ಅಂಚೆ ಮತಕ್ಕೆಂದೇ ತೆರೆಯುವ ಕೇಂದ್ರದಲ್ಲೇ ಆಗಬೇಕು. "ಎರಡನೇ ತರಬೇತಿಗೆ ಸಹಿ ಹಾಕಿ ಬೇಗ ಹೊರಟೆ, ಅಂಚೆಯಲ್ಲಿ ಬರುತ್ತೆ ಅಂದುಕೊಂಡಿದ್ದೆ" ಅನ್ನುವವರ ವೋಟು ಹೋಗುವುದು ಹೀಗೆ. ನಿಮ್ಮ ಕ್ಷೇತ್ರದ ಮತಪತ್ರ ಯಾವ ಸೆಂಟರಿಗೆ, ಯಾವ ದಿನ ಬರುತ್ತದೆ ಅಂತ ಕೇಳಿ ಬರೆದುಕೊಂಡೇ ಹೊರಡಿ.

ಹಂತ 7: ಎರಡು ಕವರು, ಒಂದು ಘೋಷಣೆ

ಅಂಚೆ ಮತ ಅತಿ ಹೆಚ್ಚು ಕೆಡುವುದು ಈ ಐದು ನಿಮಿಷದಲ್ಲಿ. ನಿಮ್ಮ ಕೈಗೆ ಬರುವುದು ಮತಪತ್ರ, 13ಎ ಅನ್ನುವ ಘೋಷಣೆ, 13ಬಿ ಅನ್ನುವ ಚಿಕ್ಕ ಕವರು, 13ಸಿ ಅನ್ನುವ ದೊಡ್ಡ ಕವರು. ಜೊತೆಗೆ 13ಡಿ ಅಂತ ಸೂಚನೆಗಳ ಹಾಳೆ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಮೊದಲು ನಂಬರ್. ಮತಪತ್ರದ ಕ್ರಮ ಸಂಖ್ಯೆ, 13ಎಯಲ್ಲಿ ಬರೆದದ್ದು, 13ಬಿ ಕವರಿನ ಮೇಲಿನದು, ಮೂರೂ ಒಂದೇ ಇರಬೇಕು. ಅಂಕಿ ಅಂಕಿ ತಾಳೆ ನೋಡಿ.

ಆಮೇಲೆ 13ಎಗೆ ಸಹಿ, ಅಲ್ಲಿರುವ ಅಧಿಕಾರಿಯ ದೃಢೀಕರಣ. ಅವರ ಸಹಿ, ಮೊಹರು ಬಿತ್ತಾ ಅಂತ ನೀವೇ ನೋಡಿಕೊಳ್ಳಿ. ನೂಕುನುಗ್ಗಲಿನಲ್ಲಿ ಅವರಿಗೆ ತಪ್ಪಿದರೂ ಹೋಗುವುದು ನಿಮ್ಮ ವೋಟು.

ಈಗ ಮತಪತ್ರದಲ್ಲಿ ಒಬ್ಬರ ಎದುರು ಮಾತ್ರ ಗುರುತು, ಅಥವಾ ನೋಟಾ ಎದುರು. ಟಿಕ್ ಆಗಲಿ, ಅಡ್ಡಗೆರೆಯಾಗಲಿ, ಯಾರಿಗೆ ಅಂತ ಸ್ಪಷ್ಟವಾಗಿರಬೇಕು. ಎರಡು ಹೆಸರಿನ ಮಧ್ಯದ ಗೆರೆಯ ಮೇಲೆ ಹಾಕಬೇಡಿ. ಮತಪತ್ರದ ಮೇಲೆ ಸಹಿ, ಹೆಸರು, ಹೆಬ್ಬೆಟ್ಟು ಯಾವುದೂ ಬೇಡ, ಹಾಕಿದವರು ಯಾರು ಅಂತ ಗೊತ್ತಾಗುವ ಯಾವ ಗುರುತು ಇದ್ದರೂ ಮತ ತಿರಸ್ಕೃತ. ಹಳೇ ಪಿಂಚಣಿ, ಬ್ಯಾಂಕ್ ಅಭ್ಯಾಸದಿಂದ ಹಿರಿಯರು ಕೆಳಗೊಂದು ಸಹಿ ಹಾಕಿಬಿಡುತ್ತಾರೆ, ಮೊದಲೇ ಹೇಳಿ.

ಗುರುತು ಹಾಕಿದ ಮತಪತ್ರ ಒಂದೇ ಚಿಕ್ಕ ಕವರಿಗೆ. ಅಂಟಿಸಿ. 13ಎ ಘೋಷಣೆ ಚಿಕ್ಕ ಕವರಿನ ಒಳಗೆ ಹೋಗಬಾರದು. ಅಂಟಿಸಿದ ಚಿಕ್ಕ ಕವರು, ಘೋಷಣೆ, ಎರಡನ್ನೂ ಬೇರೆ ಬೇರೆಯಾಗಿ ದೊಡ್ಡ ಕವರಿಗೆ ಹಾಕಿ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಎಣಿಕೆ ಮೇಜಿನಲ್ಲಿ ಮೊದಲು ದೊಡ್ಡ ಕವರು ತೆಗೆದು ಘೋಷಣೆ ಹುಡುಕುತ್ತಾರೆ. ಅದು ಸಿಗಲಿಲ್ಲ, ಸಹಿ ಇಲ್ಲ, ದೃಢೀಕರಣ ಇಲ್ಲ, ನಂಬರ್ ಬೇರೆ ಅಂದರೆ ಚಿಕ್ಕ ಕವರನ್ನು ಬಿಚ್ಚುವುದೇ ಇಲ್ಲ. ಒಳಗೆ ನೀವು ಎಷ್ಟು ಸರಿಯಾಗಿ ಗುರುತು ಹಾಕಿದ್ದೀರಿ ಅನ್ನುವುದು ಯಾರಿಗೂ ಬೇಕಿಲ್ಲ. 2023ರಲ್ಲಿ ಜಯನಗರದ ಗೆಲುವಿನ ಅಂತರ 16 ಮತ. ಅಲ್ಲಿ ಮರುಎಣಿಕೆಯ ರಾತ್ರಿ ಜಗಳ ಎದ್ದಿದ್ದು ತಿರಸ್ಕೃತ ಅಂಚೆ ಮತಗಳ ಮೇಲೆಯೇ.

ಅಂಟಿಸಿದ ಕವರನ್ನು "ನಾವೇ ಕೊಡ್ತೀವಿ ಬಿಡಿ" ಅಂತ ಯಾರಾದರೂ ಕೇಳಿದರೆ, ಅವರು ಸಂಘದ ಪದಾಧಿಕಾರಿಯಾಗಲಿ, ಪಕ್ಕದ ಮನೆಯವರಾಗಲಿ, ಕೊಡಬೇಡಿ. ಮನೆಯಲ್ಲಾದರೆ ತಂಡದ ಮುಂದೆ, ಸೆಂಟರಿನಲ್ಲಾದರೆ ಪೆಟ್ಟಿಗೆಗೆ, ನಿಮ್ಮ ಕೈಯಿಂದಲೇ. ಈ ಯಾವ ಕೆಲಸಕ್ಕೂ ದುಡ್ಡಿಲ್ಲ, ಒಟಿಪಿಯೂ ಇಲ್ಲ. ಯಾರಾದರೂ ಕೇಳಿದರೆ ಅದು ಮೋಸ.

ಹಂತ 8: ಬೂತಿಗೇ ಅಂತ ತೀರ್ಮಾನಿಸಿದವರು

ಇದು ಸುಲಭ. ವೋಟರ್ ಐಡಿ ಇಲ್ಲದಿದ್ದರೆ ಆಧಾರ್, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಇಂಥ ಒಂದು ಸಾಕು. ಮನೆಗೆ ಕೊಟ್ಟ ವೋಟರ್ ಸ್ಲಿಪ್ ಗುರುತಿನ ಚೀಟಿ ಅಲ್ಲ, ಅದನ್ನೇ ಹಿಡಿದು ಹೋಗಬೇಡಿ. ಅಂಗವೈಕಲ್ಯ ಇರುವವರಿಗೆ ಗಾಲಿಕುರ್ಚಿ ಬೇಕಿದ್ದರೆ ಆಯೋಗದ ಆ್ಯಪ್‌ನಲ್ಲಿ ಮೊದಲೇ ಕೇಳಿಡಿ. ಹಿರಿಯರನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಬೇಡಿ, ಬಾಗಿಲಲ್ಲಿರುವ ಸಿಬ್ಬಂದಿಗೆ ಹೇಳಿದರೆ ಮೊದಲು ಬಿಡುತ್ತಾರೆ. ಸಹಾಯಕರಾಗಿ ಒಳಗೆ ಹೋಗುವವರು ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಸಹಾಯ ಮಾಡಬಹುದು. ಅಜ್ಜ ಅಜ್ಜಿ ಇಬ್ಬರಿಗೂ ಕಣ್ಣು ಕಾಣದಿದ್ದರೆ ಇಬ್ಬರು ಹೋಗಬೇಕು.

ಮುಚ್ಚುವ ಸಮಯಕ್ಕೆ ಸಾಲಿನಲ್ಲಿದ್ದರೆ ಟೋಕನ್ ಕೊಡುತ್ತಾರೆ, ಎಷ್ಟು ಹೊತ್ತಾದರೂ ವೋಟು ಹಾಕಬಹುದು, ಮನೆಗೆ ಹೊರಡಬೇಡಿ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ "ಚಾಲೆಂಜ್ ವೋಟ್" ಹಾಕಬಹುದು ಅಂತ ಪ್ರತಿ ಚುನಾವಣೆಯಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ. ಸುಳ್ಳು. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ವೋಟಿಲ್ಲ. ಆದರೆ ಹೆಸರಿದ್ದು, ನೀವು ಹೋಗುವಷ್ಟರಲ್ಲಿ ಬೇರೆ ಯಾರೋ ನಿಮ್ಮ ಹೆಸರಲ್ಲಿ ವೋಟು ಹಾಕಿಬಿಟ್ಟಿದ್ದರೆ, ಆಗ ಜಗಳ ಆಡಿ ವಾಪಸ್ ಬರಬೇಡಿ. ಮತಗಟ್ಟೆ ಅಧಿಕಾರಿಯ ಹತ್ತಿರ ಟೆಂಡರ್ಡ್ ವೋಟ್ ಕೇಳಿ. ನೀವೇ ನಿಜವಾದ ಮತದಾರರು ಅಂತ ಖಚಿತವಾದರೆ ಕಾಗದದ ಮತಪತ್ರ ಕೊಡುತ್ತಾರೆ, ಗುರುತು ಹಾಕಿದ ಮೇಲೆ ಅದನ್ನು ಬೇರೆ ಕವರಿನಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಯಲ್ಲಿ ಅದು ಸೇರುವುದಿಲ್ಲ, ಆದರೆ ಮುಂದೆ ಫಲಿತಾಂಶ ಕೋರ್ಟಿಗೆ ಹೋದರೆ ದಾಖಲೆಯಾಗಿ ಇರುತ್ತದೆ.